ಹೊರಗೆ ಕೇಳುವ ಸರ್ವರ್

ಕೀಬೋರ್ಡಿನ ಮೇಲೆ ಕೂತಿದ್ದ ಅರಿಶಿನದ ಧೂಳನ್ನು ಅಜಿತ ಊದಿದ. ಅದು ಹಾರಿ ಪ್ರಣಿತಾಳ ಮುಂಗುರುಳಿಗೆ ಮೆತ್ತಿಕೊಂಡಿತು. ಇಬ್ಬರೂ ನೋಡಿದರು.

ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅಪ್ಪಣ್ಣ ಕಾಕಾನ ಅರಿಶಿನದ ದಲಾಲಿ ನಡೆಸುವ ಅಡತಿ ಅಂಗಡಿ. ಹರಾಜಿನ ಸವಾಲು ಮುಗಿದೊಡನೆ ದರವನ್ನು ಖರೀದಿದಾರರಿಗೆ ಮೇಲ್ ಮಾಡುವುದು ಅವರ ಅಣ್ಣನ ಮಗಳು ಪ್ರಣಿತಾಳ ಕೆಲಸ. ಈಚೆಗೆ ಪ್ರತಿ ಮೇಲೂ ತಡೆದು ತಡೆದು ಹೋಗುತ್ತಿತ್ತು. ಅದನ್ನು ಸರಿಪಡಿಸಲು ಮಿರಜದಿಂದ ಅಜಿತ ಬರುತ್ತಿದ್ದ. ಅದು ಬೇಗ ಸರಿಯಾಗದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಇಂದು ಅವನಿಗೆ ತಪ್ಪು ಸಿಕ್ಕಿತ್ತು.

"ನೀವು ಮೇಲ್ ಕಳಿಸಿದಾಗೆಲ್ಲಾ, ಈ ಕಂಪ್ಯೂಟರಿನ ಹೆಸರೇನು ಅಂತ ನಿಮ್ಮ ಸರ್ವರ್ ಹೆಸರಿನ ಪಟ್ಟಿ ಇಟ್ಟ ಹೊರಗಿನ ಡಿಎನ್‌ಎಸ್‌ಗೆ ಕೇಳತೈತಿ. ಮನಿ ಒಳಗಿನ ಹೆಸರು ಹೊರಗಿನವ್ರಿಗೆ ಹೆಂಗ ಗೊತ್ತಿರಬೇಕ್ರಿ? ಉತ್ತರ ಬರೂದಿಲ್ಲ. ಇದು ಪಾಪ, ಕಾಯ್ಕೋತ ಕುಂದರತೈತಿ."

"ಮತ್ತ ಈಗ?"

"ಹೆಸರು ಸರ್ವರಿನಾಗ ಬರದಿಟ್ಟೇನಿ. ಇನ್ನ ಅದು ಹೊರಗ ಕೇಳೂದಿಲ್ಲ." ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ನಾ ಬರೂ ಕೆಲಸನೂ ಇಲ್ಲ."

ಅವಳು ಟೆಸ್ಟ್ ಮೇಲ್ ಕಳಿಸಿದಳು. ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಇಷ್ಟು ದಿನ ಆ ವಿಳಂಬದಲ್ಲಿ ಅವನು ಆರಿದ ಚಹಾ ಕುಡಿಯುವುದನ್ನು, ಹುಬ್ಬು ಗಂಟಿಕ್ಕುವುದನ್ನು ನೋಡುತ್ತ ಕೂತಿರುತ್ತಿದ್ದಳು. ಈಗ ನೋಡಲು ವೇಳೆಯೇ ಉಳಿಯಲಿಲ್ಲ.

ಅವನು ಬ್ಯಾಗಿಗೆ ಕೈಹಾಕಿದ. ಹೊರಗೆ ಕಾಕಾ ಫೋನಿನಲ್ಲಿ ಮರಾಠಿಯಲ್ಲಿ ದರ ಕೂಗುತ್ತಿದ್ದರು.

ಪ್ರಣಿತಾಳ ಎದೆಯಲ್ಲಿ ನಿನ್ನೆ ಕೇಳಿದ ಮಾತು ಕುಟುಕುತ್ತಿತ್ತು. ಅವಳ ಮದುವೆಯ ಸಂಬಂಧ ಮಾಲಗಾಂವದಲ್ಲಿ ಗಟ್ಟಿಯಾಗಿದೆಯೇ ಎಂದು ಅಜಿತ ಅವಳ ತಂಗಿ ದೀಪಾಲಿಯನ್ನು ಕೇಳಿದ್ದನಂತೆ. ಚಹಾ ಅಂಗಡಿಯ ಓಂಪ್ರಕಾಶನನ್ನೂ, ಕೊನೆಗೆ ಹಮಾಲರನ್ನೂ ಕೇಳಿದ್ದನಂತೆ. ಯಾರೂ ನೆಟ್ಟಗೆ ಹೇಳಿರಲಿಲ್ಲ. ದೀಪಾಲಿಯಂತೂ ನಕ್ಕು ಮಾತು ತೇಲಿಸಿಬಿಟ್ಟಿದ್ದಳು.

"ಇಡೀ ಯಾರ್ಡಿಗೇ ಕೇಳೀರಂತ," ಎಂದಳು ಮೆಲ್ಲಗೆ. "ನನ್ನೊಬ್ಬಾಕಿನ್ನ ಬಿಟ್ಟು."

ಅವನ ಕೈ ಬ್ಯಾಗಿನಲ್ಲೇ ನಿಂತಿತು. ಕಿವಿ ಕೆಂಪಾದವು.

"ನಿಮ್ಮನ್ನ ಕೇಳಾಕ ಅಂಜಿಕಿ ಆತ್ರಿ. ನೀವು ಹೂಂ ಅಂದಿದ್ರ?"

"ಈಗ ಕೇಳ್ರಿ."

ಅವನು ಅವಳ ಮುಂಗುರುಳಿನ ಹಳದಿಯನ್ನು ನೋಡಿದ. "ಮಾಲಗಾಂವದ್ದು... ಗಟ್ಟಿ ಆಗೇತೇನ್ರಿ?"

"ಬ್ಯಾಡ ಅಂದೇನಿ. ನೀವು ಬರಾಕ ಹತ್ತಿದ ಮ್ಯಾಲ."

ಕಾಕಾನ ದನಿ ಬಾಗಿಲ ಹತ್ತಿರ ಬಂತು. ಅವನು ಬ್ಯಾಗು ಹೆಗಲಿಗೇರಿಸಿದ.

"ಮತ್ತ ನಾಳೆ ಏನಂತ ಹೇಳಿ ಬರ್ಲಿ? ಸರ್ವರ್ ನೆಟ್ಟಗಾತಲ್ಲ."

"ಕಾಕಾನ ಕೂಡ ಮಾತಾಡೂದೈತಿ ಅಂತ ಹೇಳಿ ಬರ್ರಿ."

ಅವನು ಹೋದ. ಸಂಜೆ ಅಂಗಡಿಯ ಕದ ಹಾಕುವವರೆಗೂ ಅವಳು ಕೂದಲ ಅರಿಶಿನವನ್ನು ಒರೆಸಲಿಲ್ಲ.