ಕತ್ತರಿ, ಕಾಗುಣಿತ ಮತ್ತು ನಲವತ್ತೊಂದನೇ ಪ್ರಶ್ನೆ

“ನಲವತ್ತೊಂದಕ್ಕೆ ‘ಜನ ಸೇರಿತು’ ಅನ್ನೋದೇ ಸರಿ. ‘ಸೇರಿದರು’ ಅಂತ ಗುರುತು ಹಾಕಿದವರಿಗೆ ಅಂಕ ಹೋಯ್ತು ಅಂತಾನೇ!”

ಪರೀಕ್ಷಾ ಕೇಂದ್ರದ ಗೇಟಿನ ಬಳಿ ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಗಕ್ಕನೆ ನಿಂತಳು. ಅವಳು ಗುರುತು ಹಾಕಿದ್ದು ‘ಸೇರಿದರು’ ಎಂದೇ!

ತಿರುಗಿ ನೋಡಿದರೆ, ಅವಳ ಮುಂದಿನ ಬೆಂಚಿನಲ್ಲಿ ಕೂತಿದ್ದ ಕನ್ನಡಕದವನು. ಮೂರು ಗಂಟೆ ಆ ಬೆನ್ನನ್ನೇ ನೋಡಿದ್ದಳು. ಅಂಗಿಯ ಭುಜದ ಹೊಲಿಗೆ ಒಂದು ಬೆರಳು ಕೆಳಗಿಳಿದದ್ದೂ ಕಂಡಿತ್ತು. ದರ್ಜಿಯ ಕಣ್ಣಲ್ಲವೇ!

“ಅಲ್ರೀ, ನಮ್ಮ ಅಂಗಡಿಗೆ ಜನ ಬರ್ತಾರೆ. ಬರುತ್ತೆ ಅನ್ನೋಕೆ ಜನ ಏನು ಬಸ್ಸಾ?”

“ಗುಂಪು ಸೇರಿತು ಅಂತೀವಲ್ಲ, ಇದೂ ಹಾಗೇ. ನಾನು ಪ್ರೆಸ್ಸಲ್ಲಿ ಕರಡು ತಿದ್ದೋನು. ದಿನಾ ಇದೇ ಕೆಲಸ.”

“ಹಾಗಾದ್ರೆ ದಿನಾ ತಪ್ಪು ತಿದ್ದುತ್ತೀರ!”

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾಯಿತು. ಆದರೆ ಮರುಕ್ಷಣ ಅವನೂ ನಕ್ಕ.

ಅವಳಿಗೆ ಅದು ಬರೀ ಒಂದು ಅಂಕವಾಗಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಓದು ಬಿಟ್ಟವಳು, ಎಂಟು ವರ್ಷ ಅಕ್ಕನ ಅಂಗಡಿಯಲ್ಲಿ ಮಿಷಿನ್ ತುಳಿದು, ಈಗ ಶಿಕ್ಷಕರ ಕಾಲೇಜಿಗೆ ಅರ್ಜಿ ಹಾಕಿದ್ದಳು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಈ ಸಲ ಸೀಟು ಸಿಗದಿದ್ದರೆ ಮತ್ತೆಂದೂ ಇಲ್ಲ.

ಜಗಳ ಗೇಟಿಗೇ ಮುಗಿಯಲಿಲ್ಲ. ಲೈಬ್ರರಿಯ ಕಿಟಕಿ ಪಕ್ಕದ ಮೇಜಿಗೆ ಬಂತು. ದಿನಾ ಸಂಜೆ ಇಬ್ಬರೂ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂರುತ್ತಿದ್ದರು. ಅವಳು ಅವನಿಗೆ ‘ಕಾಗುಣಿತ’ ಎಂದು ಹೆಸರಿಟ್ಟಳು, ಅವನು ಅವಳಿಗೆ ‘ಕತ್ತರಿ’ ಎಂದ. ಐವತ್ತೆಂಟನೇ ಪ್ರಶ್ನೆಗೂ ಇಬ್ಬರದೂ ಬೇರೆ ಬೇರೆ ಉತ್ತರ. ಒಂದು ವಾರ ಅದರ ಮೇಲೂ ಕದನ! ಲೈಬ್ರರಿ ಮೇಡಂ ಎರಡು ಸಲ ಗದರಿ, ಆಮೇಲೆ ಕೈಚೆಲ್ಲಿದರು.

ಸಂಜೆ ಐದಾದರೆ ಕಣ್ಣು ತಾನಾಗಿಯೇ ಗಡಿಯಾರದ ಕಡೆ ಹೋಗುತ್ತದೆ ಎಂದು ಅವಳು ಯಾರಿಗೂ ಹೇಳಲಿಲ್ಲ. ತನಗೂ ಹೇಳಿಕೊಳ್ಳಲಿಲ್ಲ.

ಒಂದು ದಿನ ತಾತ್ಕಾಲಿಕ ಉತ್ತರಪಟ್ಟಿ ಬಂತು. ಐವತ್ತೆಂಟು ಅವಳದೇ ಸರಿ. ನಲವತ್ತೊಂದಕ್ಕೆ ಮಾತ್ರ ‘ಸೇರಿತು’. ಅವಳ ಮುಖ ಬಾಡಿತು. ಕಳೆದ ವರ್ಷ ಸೀಟು ಸಿಕ್ಕವರ ಕೊನೆಯ ಅಂಕಕ್ಕೆ ಹೋಲಿಸಿದರೆ ಒಂದೇ ಒಂದು ಅಂಕ ಕಡಿಮೆ ಬೀಳುತ್ತಿತ್ತು.

“ಆಕ್ಷೇಪಣೆ ಬರೀರಿ. ಐದು ದಿನ ಟೈಮಿದೆ,” ಎಂದ ಅವನು.

“ಬಿಡಿ. ದರ್ಜಿ ಮಾತು ಯಾರು ಕೇಳ್ತಾರೆ?”

ಎರಡು ದಿನ ಬಿಟ್ಟು ಬಂದಾಗ ಅವನ ಮುಂದೆ ಆಕ್ಷೇಪಣಾ ಪತ್ರವಿತ್ತು. ಅವಳನ್ನು ಕಂಡೊಡನೆ ಅಂಗೈಯಿಂದ ಮುಚ್ಚಿಕೊಂಡ!

“ಯಾವ ಪ್ರಶ್ನೆಗೆ?”

“ಅದು... ಈಗ ಕೇಳಬೇಡಿ.”

ಅವಳು ಮನಸ್ಸಲ್ಲೇ ಲೆಕ್ಕ ಹಾಕಿದಳು. ನಲವತ್ತೊಂದರಲ್ಲಿ ಇವನು ಗೆದ್ದಾಗಿದೆ. ಹಾಗಾದರೆ ಉಳಿದದ್ದು ಐವತ್ತೆಂಟು... ನನಗೆ ಸಿಕ್ಕಿರೋದನ್ನೂ ಕಿತ್ತುಕೊಳ್ತಿದ್ದಾನಾ?

“ಗೆಲ್ಲೋ ಹಟ ಇಷ್ಟಿರಬಾರದು ರೀ!” ಎಂದವಳೇ ಹೊರಟುಹೋದಳು. ಮರುದಿನದಿಂದ ಲೈಬ್ರರಿಯ ಬೀದಿಗೇ ಕಾಲಿಡಲಿಲ್ಲ.

ಆ ವಾರ ಒಂದು ರವಿಕೆಗೆ ಎರಡೂ ಕಡೆ ಎಡಗೈ ತೋಳನ್ನೇ ಕೂರಿಸಿದಳು. ಅಕ್ಕ ಅದನ್ನು ಎತ್ತಿ ಹಿಡಿದು ನೋಡಿದಳು.

“ಇದನ್ನ ತೊಟ್ಕೊಳ್ಳೋಳು ಹುಟ್ಟಿ ಬರಬೇಕು ಕಣೇ. ಯಾರ ಮೇಲೆ ಸಿಟ್ಟು?”

“ಯಾರ ಮೇಲೂ ಇಲ್ಲ.”

“ಹಾಗಾದ್ರೆ ಅಳು ಯಾಕೆ?”

ಅವಳು ರವಿಕೆಯನ್ನು ಕಿತ್ತುಕೊಂಡು ತೋಳಿನ ಹೊಲಿಗೆ ಬಿಚ್ಚತೊಡಗಿದಳು.

ಕೊನೆಗೆ ಆಯ್ಕೆಪಟ್ಟಿ ಹಾಕಿದ ದಿನ ನೋಡದೆ ಗತಿಯಿರಲಿಲ್ಲ. ಲೈಬ್ರರಿಯ ಫಲಕದಲ್ಲಿ ಬೆರಳಿಟ್ಟು ಇಳಿಯುತ್ತಾ ಬಂದಳು. ಕೊನೆಯಿಂದ ಎರಡನೆಯದು ಅವಳದೇ ಸಂಖ್ಯೆ! ಮೇಲೆ ಸಣ್ಣ ಅಕ್ಷರದಲ್ಲಿತ್ತು: ‘ಪ್ರಶ್ನೆ 41: ಎರಡೂ ಉತ್ತರಗಳು ಸರಿ.’

ಅವನ ಸಂಖ್ಯೆ? ಪಟ್ಟಿಯಲ್ಲಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.

“ಇರೋ ಹಳೇ ಪುಸ್ತಕವೆಲ್ಲ ತೆಗೆಸಿದ ಪುಣ್ಯಾತ್ಮ,” ಎಂದರು ಲೈಬ್ರರಿ ಮೇಡಂ. “‘ಜನ ಬಂದರು’, ‘ಜನ ಸೇರಿದರು’ ಅಂತ ಇರೋ ಕಡೆಯೆಲ್ಲ ಚೀಟಿ ಇಟ್ಟು, ಐವತ್ತು ಪುಟ ಜೆರಾಕ್ಸ್ ಮಾಡಿಸಿದ. ನಿನ್ನ ಉತ್ತರದ ಪರವಾಗಿ, ತಾಯಿ! ‘ಅದೂ ಸರಿಯಾದ್ರೆ ಬೇರೆಯವರಿಗೆ ಅಂಕ ಸಿಕ್ಕಿ ನೀನು ಹಿಂದೆ ಬೀಳ್ತೀಯಲ್ಲೋ’ ಅಂದೆ. ಸುಮ್ಮನೆ ನಕ್ಕ.”

ಅವಳು ಓಡಿದಳು... ನಿಜವಾಗಿಯೂ ಓಡಿದಳು!

ಪ್ರೆಸ್ಸಿನ ಒಳಕೋಣೆಯಲ್ಲಿ ಅವನು ಕೆಂಪು ಪೆನ್ನು ಹಿಡಿದು ಕರಡಿನ ಮೇಲೆ ಬಗ್ಗಿದ್ದ.

“ಯಾಕೆ ಮಾಡಿದ್ರಿ?” ಏದುಸಿರಿನಲ್ಲೇ ಕೇಳಿದಳು.

“ಹುಡುಕಿ ನೋಡಿದೆ. ನೀವು ಹೇಳಿದ್ದೂ ಸರಿ ಇತ್ತು. ಸರಿ ಇರೋದು ತಪ್ಪು ಅಂತ ಅಚ್ಚಾಗೋಕೆ ಬಿಡಲಾರೆ.”

“ಅಷ್ಟೇನಾ?”

ಪಕ್ಕದ ಕೋಣೆಯ ಯಂತ್ರ ದಡದಡ ಓಡುತ್ತಿತ್ತು. ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

“ಅಷ್ಟೇ ಅಲ್ಲ... ನಿಮ್ಮ ಜೊತೆ ಜಗಳ ಆಡದೆ ನನಗೆ ಸಂಜೆ ಆದ ಹಾಗೇ ಅನ್ನಿಸಲ್ಲ. ನಿಮ್ಮನ್ನ ಪ್ರೀತಿಸ್ತೀನಿ. ಈ ವರ್ಷ ತಪ್ಪಿದ್ರೆ ನಿಮಗೆ ಇನ್ನೊಂದು ವರ್ಷ ಇಲ್ಲ. ನನಗಿದೆ.”

“ಅವತ್ತೇ ಹೇಳಬಹುದಿತ್ತಲ್ಲ!”

“ಪರೀಕ್ಷೆಯವರು ಒಪ್ಪದೇ ಹೋಗಿದ್ರೆ? ಒಂದು ಸಲ ಆಸೆ ಬಿಟ್ಟಿದ್ರಿ. ಎರಡನೇ ಸಲ ಬಿಡೋದನ್ನ ನೋಡೋ ಧೈರ್ಯ ಇರಲಿಲ್ಲ.”

ಅವಳ ಕಣ್ಣು ತುಂಬಿ ಬಂತು. ಎಂಟು ವರ್ಷದಲ್ಲಿ ತನ್ನ ಆಸೆಯನ್ನು ಇಷ್ಟು ಜೋಪಾನ ಮಾಡಿದವರು ಯಾರಿದ್ದರು?

“ನಾನು ನಿಮ್ಮನ್ನ ಎಷ್ಟು ಸಣ್ಣ ಮನುಷ್ಯ ಅಂದ್ಕೊಂಡೆ...”

“ಐದೂವರೆ ಅಡಿ. ಅಂಥ ದೊಡ್ಡವನೇನೂ ಅಲ್ಲ.”

ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿಯೇಬಿಟ್ಟಳು.

“ನನಗೂ ನೀವಿಲ್ಲದೆ ಆಗಲ್ಲ. ಬನ್ನಿ, ಅಕ್ಕನ ಹತ್ರ ಮಾತಾಡಿ.”

ಅವನ ಕೈಯಿಂದ ಪೆನ್ನು ಜಾರಿತು. “ಯಾವಾಗ?”

“ಈಗಲೇ. ಅಂಗಡಿ ತೆರೆದಿದೆ.”

“ಇನ್ನೂ ಎಂಟು ಪುಟ ತಿದ್ದೋದಿದೆ ಕಣ್ರೀ...”

ಅವಳು ಸ್ಟೂಲ್ ಎಳೆದು ಅವನ ಪಕ್ಕದಲ್ಲೇ ಕೂತಳು.

“ಕಾಯ್ತೀನಿ. ಅವಸರ ಮಾಡಬೇಡಿ, ತಪ್ಪು ಉಳಿದಾವು.”