ಉದ್ದಮೂತಿ ಏಳೋ ಎಂಟೋ?

"ನಮ್ಮಪ್ಪನ್ನ ಕಳ್ಳ ಅಂತಿದಾರೆ," ಎಂದಳು ಬಾಗಿಲಲ್ಲಿ ನಿಂತ ಟೀಚರು. ಚಿಕ್ಕಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. ಅಪಘಾತವಾದ ವಾಹನಗಳನ್ನು ವಿಮೆ ಕಂಪನಿಗಾಗಿ ಪರಿಶೀಲಿಸಿಯೇ ತಲೆ ನರೆಸಿಕೊಂಡವಳು ನನ್ನ ಚಿಕ್ಕಮ್ಮ. ನಿವೃತ್ತಿಯ ನಂತರ ಊರಿನ ತಂಟೆಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು. ಅವಳ ಹಿಂದೆ ಟಾರ್ಚ್ ಹಿಡಿದು ತಿರುಗುವುದು ನನ್ನ ಹಣೆಬರಹ.

ಟೀಚರ ತೀರಿಹೋದ ತಂದೆಯದು ಅಪರೂಪದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹಳೆ ಕಾರುಗಳ ಸಂಘದವರು ಅದನ್ನು ಉದ್ದಮೂತಿ ಎನ್ನುತ್ತಿದ್ದರು. ಪ್ರಪಂಚದಲ್ಲಿ ಉಳಿದಿರುವುದು ಏಳೇ ಎಂದು ಅವರ ಲೆಕ್ಕ. ಈಗ ಡಾಕ್ಟರೊಬ್ಬರು ದಲ್ಲಾಳಿಯಿಂದ ಇನ್ನೊಂದನ್ನು ಕೊಂಡು ತಂದಿದ್ದರು. ಎಂಟಾಯಿತಲ್ಲ ಎಂದು ಎಲ್ಲರೂ ಹಿಗ್ಗುವಷ್ಟರಲ್ಲಿ, ಎರಡು ಕಾರಿನ ಚಾಸಿಯ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನ, ಮೇಲೂ ಒಂದೇ ನಂಬರು ಕಂಡಿತು. ಹಾಗಾದರೆ ಒಂದು ಖೋಟಾ. ಸತ್ತವರು ಎದುರುತ್ತರ ಕೊಡುವುದಿಲ್ಲವಾದ್ದರಿಂದ ಬೆರಳೆಲ್ಲ ಅವಳ ತಂದೆಯ ಕಡೆಗೇ ತಿರುಗಿತ್ತು. ಕಾರು ಹೋದರೆ ಹೋಗಲಿ, ಅಪ್ಪನ ಹೆಸರು ಉಳಿಯಬೇಕು ಎಂದು ಅವಳು ಅತ್ತಳು.

ಸಂಘದ ಷೆಡ್ಡಿನಲ್ಲಿ ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಅಧ್ಯಕ್ಷರು ಮತ್ತು ಡಾಕ್ಟರ ಜೊತೆ ಮೆಕ್ಯಾನಿಕ್ ಮೇಸ್ತ್ರಿಯೂ ಇದ್ದ. ಟೀಚರ ಕಾರನ್ನು ಮೊದಲಿನಿಂದ ರಿಪೇರಿ ಮಾಡುತ್ತಿದ್ದವನು ಅವನೇ. ಡಾಕ್ಟರ ಕಾರನ್ನು ಕಾಣುತ್ತಿರುವುದು ಇವತ್ತೇ ಎಂದ. ಟೀಚರ ಕಾರನ್ನು ಎಡ ಮುಂಚಕ್ರದ ಪಕ್ಕದಲ್ಲೇ ಜಾಕ್ ಕೊಟ್ಟು ಎತ್ತಿದ. ಡಾಕ್ಟರದಕ್ಕೆ ಮಾತ್ರ, ಬಗ್ಗಿಯೂ ನೋಡದೆ, ಒಂದು ಮೊಳ ಹಿಂದಕ್ಕೆ ಕೊಟ್ಟ.

ನಾನು ಕೆಳಗೆ ತೂರಿದೆ. ಟೀಚರ ಕಾರಿನ ಸೀಟು, ಇಂಜಿನ್, ಮೈ ಎಲ್ಲ ಹಳೆಯವು, ಆದರೆ ಚಾಸಿ ಒಂದು ಡೊಂಕೂ ಇಲ್ಲದೆ ನುಣುಪಾಗಿತ್ತು. ಡಾಕ್ಟರದು ತಿರುಗುಮುರುಗು. ಮೇಲಿನದೆಲ್ಲ ಹೊಸತು, ಚಾಸಿ ಮಾತ್ರ ಮುದಿ. ಅದರ ಎಡ ಮುಂಭಾಗದಲ್ಲಿ ಬಣ್ಣದಡಿ ಬಡಿದು ನೆಟ್ಟಗೆ ಮಾಡಿದ ಅಲೆಗಳು. ಅಸಲಿ ಯಾವುದು? ನನ್ನ ತಲೆ ಗಿರ್ರೆಂದಿತು. ಏಳೋ, ಎಂಟೋ, ಏಳೂವರೆಯೋ!

ಚಿಕ್ಕಮ್ಮ ಕಾರು ಬಿಟ್ಟು ಟೀಚರ ಗಲ್ಲದ ಗಾಯದ ಗುರುತು ನೋಡುತ್ತಿದ್ದಳು. ಹೇಗಾಯಿತೆಂದು ಕೇಳಿದಳು. ಚಿಕ್ಕವಳಿದ್ದಾಗ ಇದೇ ಕಾರು ದೀಪದ ಕಂಬಕ್ಕೆ ಗುದ್ದಿತ್ತಂತೆ. ಅಪ್ಪ ಓಡಿಸುತ್ತಿದ್ದರು, ಏಟು ಬಿದ್ದದ್ದು ಅವಳು ಕೂತಿದ್ದ ಎಡಗಡೆಗೆ.

ಚಿಕ್ಕಮ್ಮ ಎಲ್ಲರನ್ನೂ ಕರೆದಳು. ಚಾಸಿ ಬಾಗಿದರೆ ಹೊಸದು ಹಾಕಿ, ಹಳೆಯ ನಂಬರನ್ನೇ ಅದಕ್ಕೆ ಕೊರೆದು, ಹಳೆಯದನ್ನು ತುಂಡು ಮಾಡುವುದು ಈ ಕಸುಬಿನ ರೂಢಿ ಎಂದಳು. ಗುದ್ದಿದ್ದು ಎಡಕ್ಕೆ, ಡಾಕ್ಟರ ಚಾಸಿ ಬಾಗಿದ್ದೂ ಎಡಕ್ಕೆ. ಅಂದರೆ ಆ ಹಳೆಯ ಚಾಸಿ ತುಂಡಾಗಿರಲಿಲ್ಲ. ಅದರ ಮೇಲೆ ಯಾರೋ ಇನ್ನೊಂದು ಕಾರು ಕಟ್ಟಿದ್ದರು. ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಚಕ್ರದ ಪಕ್ಕ ಜಾಕ್ ಕೊಟ್ರೆ ಈ ಚಾಸಿ ತಡೆಯಲ್ಲ ಅಂತ ಕೆಳಗೆ ತೂರಿ ನೋಡದೆ ಗೊತ್ತಾಗಲ್ಲ. ಇವತ್ತೇ ಕಂಡವನಿಗೆ ಹೇಗಪ್ಪಾ ಗೊತ್ತಾಯ್ತು?"

ಮೇಸ್ತ್ರಿ ಕೈಯೊರೆಸಿಕೊಂಡ. "ಕೊಯ್ಯೋಕೇ ಹೇಳಿದ್ರು ಇವರಪ್ಪ. ಮಗೂನ ಉಳಿಸಿದ ಕಬ್ಬಿಣ, ಗರಗಸ ಇಡೋಕೆ ಮನಸ್ಸು ಬರ್ಲಿಲ್ಲ. ಆಮೇಲೆ ಆಸೆ ಬಂತು, ಅದರ ಮೇಲೆ ಕಾರು ಕಟ್ಟಿ ದಲ್ಲಾಳಿಗೆ ಮಾರಿದೆ. ಇವರಪ್ಪನಿಗೆ ಗೊತ್ತೇ ಇರ್ಲಿಲ್ಲ."

ಟೀಚರು ಅವನನ್ನು ಬೈಯಲಿಲ್ಲ. ಡಾಕ್ಟರ ಕಾರಿನ ಪಕ್ಕ ಮಂಡಿಯೂರಿ ಆ ಅಲೆಗಳ ಮೇಲೆ ಅಂಗೈ ಇಟ್ಟಳು.

ಅಧ್ಯಕ್ಷರು ಗೊಂದಲದಲ್ಲಿ ಕೆಮ್ಮಿದರು. "ಹಾಗಾದ್ರೆ ಎಷ್ಟು ಉಳಿದಿವೆ ಅಂತ ಹೇಳ್ಲಿ?"

"ನಮ್ಮಪ್ಪ ಕಳ್ಳ ಅಲ್ಲ ಅಂತ ಮೊದಲು ಹೇಳಿ," ಎಂದಳು ಅವಳು ಕೈ ತೆಗೆಯದೆ. "ಕಾರು ಆಮೇಲೆ ಎಣಿಸೋಣ."