ತೊಡೆಮಟ್ಟಕ್ಕೆ ಇಳಿದ ಗೆರೆ

"ಅಕ್ಕೋರೆ, ನನ್ನ ಗೆರಿ ಯಾರೋ ಕೆಳಗ ಇಳಿಸ್ಯಾರ್ರಿ."

ದಶರಥ ಹೀಗೆನ್ನುತ್ತ ಬಂದಾಗ ಬಿಬಿಜಾನ್ ಅಕ್ಕೋರು ಚಹಾ ಸೋಸುತ್ತಿದ್ದರು. ಸೇಡಂ ಶಾಲೆಯ ಶಿಕ್ಷಕಿಯಾಗಿ ಅವರು ನಿವೃತ್ತರಾಗಿದ್ದರೂ ಊರಿನ ಸುಳ್ಳು ಪತ್ತೆ ಹಚ್ಚುವ ಕೆಲಸಕ್ಕೆ ನಿವೃತ್ತಿ ಇರಲಿಲ್ಲ. ಅದೇ ಶಾಲೆಯ ಗುಮಾಸ್ತನಾಗಿದ್ದ ನಾನು, ಸಂಗಣ್ಣ, ಅವರ ಹಿಂದೆ ಕೊಡೆ ಹಿಡಿದು ತಿರುಗುವವನು.

ಅದು ೧೯೭೮ರ ಬೇಸಿಗೆ. ದೇಶದ ಯಾವ ಹೊಳೆ ಎಲ್ಲಿ ಎಷ್ಟು ಉಕ್ಕುತ್ತದೆಂದು ಯಾದಿ ಮಾಡಿ, ಯೋಜನೆ ಹಾಕಲು ದಿಲ್ಲಿಯವರು ಹೊರಟಿದ್ದರು. ಗಜಕ್ಕಿಂತ ಹೆಚ್ಚು ನೀರು ನಿಂತ ಕೇರಿಗಳಿಗೆ ಮಾತ್ರ ಎತ್ತರದಲ್ಲಿ ನಿವೇಶನ ಎಂದು ಅಳತೆಗೆ ಬಂದ ಇಂಜಿನಿಯರು ಹೇಳಿದ್ದರು. ಕಾಗಿಣಾ ಹೊಳೆಯ ದಂಡೆಯ ಕೆಳಕೇರಿಯ ನಲವತ್ತು ಮನೆಗಳಿಗೆ ಇದ್ದ ಸಾಕ್ಷಿ ಒಂದೇ. ಹಿಂದೆ ಹೊಳೆ ನುಗ್ಗಿದಾಗ ನೀರು ನಿಂತ ಮಟ್ಟವನ್ನು, ಕಲ್ಲುಗಣಿ ಕೆಲಸದ ದಶರಥ, ತಾನೇ ನೆಟ್ಟಿದ್ದ ಫರಸಿ ಕಲ್ಲಿನ ಮೇಲೆ ಉಳಿಯಿಂದ ಕೊರೆದಿದ್ದ. ಎದೆಮಟ್ಟ ನೀರಿತ್ತು ಎಂಬುದು ಅವನ ಮಾತು. ಗೆರೆ ಈಗ ತೊಡೆಮಟ್ಟಕ್ಕಿತ್ತು. ಇಂಜಿನಿಯರು ಅವನನ್ನು ಸುಳ್ಳುಗಾರನೆಂದು ತೀರ್ಮಾನಿಸಿ ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು.

ನಾವು ಹೋಗಿ ನೋಡಿದೆವು. ಗೆರೆ ಹಳೆಯದೇ, ತಿದ್ದಿದ ಗುರುತಿಲ್ಲ. ಸುತ್ತಲೂ ಎರೆಮಣ್ಣು, ಕಲ್ಲಿನ ಬುಡದಲ್ಲಿ ಮಾತ್ರ ಮೊರಂ ಎನ್ನುವ ಕೆಂಪು ಗರಸುಮಣ್ಣು. ಮೊಣಕಾಲಿನ ಮಟ್ಟದಲ್ಲಿ ಕಲ್ಲು ಪಟ್ಟಿಯಂತೆ ನುಣುಪಾಗಿತ್ತು. ಅಕ್ಕೋರು ಅದನ್ನು ಸವರಿ ನಕ್ಕರು.

"ಸಂಗಣ್ಣ, ಎಮ್ಮಿ ನೋಡೀರೇನು?"

"ದಿನಾ ಹಾಲು ಕುಡೀತೀನ್ರಿ," ಎಂದೆ. ನನಗೆ ಹೊಳೆದದ್ದು ಅಷ್ಟೇ.

ಕಲ್ಲಿನ ಪಕ್ಕದ ಬೇವಿನ ಮರದಡಿ ಅಕ್ಕೋರು ಎಲ್ಲರನ್ನೂ ಸೇರಿಸಿದರು. ನಿವೇಶನಕ್ಕೆ ಗುರುತಿಸಿದ್ದ ಮೇಲಿನ ಹೊಲದ ಮಾಲೀಕ ಕಲ್ಯಾಣಪ್ಪನೂ ಬಂದ.

"ಕಲ್ಲು ಸುಳ್ಳು ಹೇಳ್ತದೇನ್ರಿ ಸಾಹೇಬ್ರ? ಮೂರು ಮೊಳ ಹುಗದದ, ಅಲುಗಾಡಂಗಿಲ್ಲ," ಎಂದ ಅವನು.

"ದಶರಥ, ನೀ ಎಷ್ಟು ಹುಗಿದಿದ್ದಿ?"

"ಎರಡು ಮೊಳರಿ ಅಕ್ಕೋರೆ. ನನ್ನ ಕೈಲೇ ಅಳದೀನಿ."

ಅಕ್ಕೋರು ಇಂಜಿನಿಯರ ಕಡೆ ತಿರುಗಿದರು. "ಈ ನುಣುಪು ನೋಡ್ರಿ. ಹೊಳಿಗಿ ಹೋಗೋ ಎಮ್ಮಿ ಇಲ್ಲೇ ಮೈ ತಿಕ್ಕೋತಾವ. ಎಮ್ಮಿ ಪಕ್ಕಿ ಮನಷ್ಯಾನ ಮೊಣಕಾಲಿಗಿ ಬರ್ತದೇನು? ಗೆರಿ ಇಳದಿಲ್ಲ, ಕಲ್ಲs ಇಳದದ."

"ಎರಿಮಣ್ಣಾಗ ತಾನs ಕುಸದಿರಬೇಕು," ಎಂದ ಕಲ್ಯಾಣಪ್ಪ.

"ತಾನs ಕುಸದ ಕಲ್ಲು ಬುಡಕ್ಕ ಮೊರಂ ತುಂಬಿ ಬಡಕೋತದೇನು? ಈ ಊರಾಗ ಮೊರಂ ಇರೋದು ನಿಮ್ಮ ಹೊಲದಾಗ ಒಂದೇ. ಇನ್ನ ಮೂರು ಮೊಳದ ಲೆಕ್ಕ, ಹುಗದವಂಗs ಗೊತ್ತಿರ್ತದ."

ಅಗೆದರು. ಸರಿಯಾಗಿ ಮೂರು ಮೊಳ. ಕಲ್ಲಿನ ಕೆಳತುದಿಯಿಂದ ಎರಡು ಮೊಳಕ್ಕೆ ಎರೆಮಣ್ಣಿನ ಹಳೆಯ ಕಲೆ ನಿಂತಿತ್ತು. ಕಲ್ಯಾಣಪ್ಪ ತಲೆ ತಗ್ಗಿಸಿ, ಹೊಲ ಹೋಗುತ್ತದೆಂಬ ಹೆದರಿಕೆಗೆ ಹೀಗೆ ಮಾಡಿದೆನೆಂದು ಒಪ್ಪಿಕೊಂಡ.

ಕಲ್ಲನ್ನು ಹಳೆಯ ಕಲೆಯವರೆಗೆ ಮತ್ತೆ ನೆಟ್ಟರು. ಇಂಜಿನಿಯರು ಬಸ್ಸು ಬಿಟ್ಟು ಟೇಪು ಹಿಡಿದರು. ಇನ್ನೊಂದು ತುದಿಯನ್ನು ದಶರಥನ ಕೈಗೇ ಕೊಟ್ಟರು. ಅವನು ಕಲ್ಲಿಗೆ ಎದೆಯೊತ್ತಿ ನಿಂತ. ಇಡೀ ಕೆಳಕೇರಿ ಕಣ್ಣು ಬಿಟ್ಟುಕೊಂಡು ನೋಡಿತು.

"ಎಲ್ಲಿಗಿ ಬಂತ್ರಿ ಸಾಹೇಬ್ರ?"

"ನೀ ಹೇಳಿದಲ್ಲಿಗೇ ಬಂತಪ್ಪ," ಎಂದು ಇಂಜಿನಿಯರು ಕೆಳಕೇರಿಯ ಹೆಸರನ್ನು ಯಾದಿಗೆ ಬರೆದುಕೊಂಡರು.